ವರ್ತೂರಿಗೆ ಕೆರೆ ಓದಲು ಬಂದವಳು

ಬೆಂಗಳೂರಿಗೆ ಬಂದ ಮೊದಲ ದಿನ, ವೈಟ್‌ಫೀಲ್ಡಿಗೆ ಹೋಗುವ ಬಸ್ಸಿನಲ್ಲಿ, ಯಾರದೋ ಜೇಬಿಗೆ ಕೈ ಹಾಕಿದವನೊಬ್ಬನಿಗೆ ಇಡೀ ಬಸ್ಸೇ ಹೊಡೆಯಿತು. ಆಫೀಸಿನ ಚೀಲ ಹಿಡಿದವರು, ಮಲ್ಲಿಗೆ ಮುಡಿದವರು, ಎಲ್ಲರೂ ಎದ್ದು ಬಂದು ಒಂದೊಂದು ಏಟು ಕೊಟ್ಟು ತಮ್ಮ ಸೀಟಿಗೆ ಮರಳಿದರು. ನನ್ನ ಪಕ್ಕದ ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು, "ಯಾವೂರಮ್ಮ ನಿಂದು?" ಎಂದು ನಗುತ್ತಾ ಕೇಳಿದಳು. ಅವನ ಬಾಯಿಯ ರಕ್ತ ನನ್ನ ಟ್ರಂಕಿನ ಮೇಲೆ ಸಿಡಿದಿತ್ತು.

ನಮ್ಮದು ಬೆಟ್ಟದ ಮೇಲಿನ ಪೋಡು. ಸೋಲಿಗರ ಹಟ್ಟಿಗೆ ಪೋಡು ಎನ್ನುತ್ತೇವೆ. ಅಲ್ಲಿ ಹೊಡೆಯುವವರು ಹೊರಗಿನಿಂದ, ಖಾಕಿ ತೊಟ್ಟು ಬರುತ್ತಿದ್ದರು. ನಾನು ಚಿಕ್ಕವಳಿದ್ದಾಗ, ಕಾಡಿನಲ್ಲಿ ಅಡಗಿದವರ ಜಾಡು ಹೇಳೆಂದು ಅಪ್ಪನನ್ನು ಮರಕ್ಕೆ ಕಟ್ಟಿ ಬಡಿದರು. ಪೋಡಿಗೆ ಪೋಡೇ ನೋಡುತ್ತಾ ನಿಂತಿತ್ತು. ಯಾರೂ ಅಡ್ಡ ಹೋಗಲಿಲ್ಲ. ಇಲ್ಲಿ ಹೊಡೆಯಲು ಖಾಕಿಯೂ ಬೇಕಿರಲಿಲ್ಲ.

ನನ್ನನ್ನು ಇಲ್ಲಿಗೆ ತಂದದ್ದು ಒಂದು ವಿದ್ಯಾರ್ಥಿವೇತನ. ಕಾಡಿನ ಜನರ ಮಕ್ಕಳು ಪರಿಸರ ವಿಜ್ಞಾನ ಓದಲೆಂದು ಒಂದು ಟ್ರಸ್ಟ್ ಕೊಡುತ್ತಿತ್ತು. ತೊಂಬತ್ತರ ದಶಕದ ಕೊನೆಯ ವರ್ಷಗಳು. ಹೊಲಗಳ ನಡುವೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. "ಕಾಡು ನಿಮ್ಮ ರಕ್ತದಲ್ಲೇ ಇದೆ, ಅಲ್ವಾ?" ಎಂದು ಸಂದರ್ಶನದಲ್ಲಿ ಟ್ರಸ್ಟಿನ ಮೇಡಂ ಕೇಳಿದರು. ಸೀಟು ಬೇಕಿತ್ತು, ತಲೆಯಾಡಿಸಿದೆ. ಸಿಕ್ಕ ವಿಷಯ ಮಾತ್ರ ವರ್ತೂರು ಕೆರೆಯ ನೀರು. ನಮ್ಮಲ್ಲಿ ಹಳ್ಳಕ್ಕೆ ಮಂಡಿಯೂರಿ ಬೊಗಸೆಯಲ್ಲಿ ಕುಡಿಯುತ್ತೇವೆ. ಇಲ್ಲಿ ನೀರು ಮುಟ್ಟುವ ಮುಂಚೆ ಕೈಗವಸು ಹಾಕಿಕೊಳ್ಳುವುದನ್ನು ಕಲಿಸಿದರು.

ಬಾಡಿಗೆಗೆ ಹೋದಲ್ಲೆಲ್ಲ "ಯಾವ ಜನ?" ಎಂದು ಕೇಳಿ ಬಾಗಿಲು ಹಾಕಿದರು. ವರ್ತೂರಿನ ಮುನಿರತ್ನಮ್ಮ ಮಾತ್ರ, "ಬಾಡು ತಿಂತೀಯಾ?" ಎಂದಳು. ಮಾಂಸ ನಮ್ಮಲ್ಲೂ ತಿನ್ನುತ್ತೇವೆ, ಹೂಂ ಎಂದೆ. "ಸದ್ಯ! ಭಾನ್ವಾರ ಜೊತೆಗಾಯ್ತು." ಹಿತ್ತಲಿನ ಕೋಣೆ ನನ್ನದಾಯಿತು. ಅವಳ ಗಂಡ ಪಿಳ್ಳಪ್ಪ ಕೆರೆಯ ಕೆಳಗೆ ಕೊತ್ತಂಬರಿ, ದಂಟು ಬೆಳೆಯುತ್ತಿದ್ದ. ಪೋಡಿನಲ್ಲಿ ಯಾರೂ ಒಂಟಿಯಾಗಿ ಮಲಗುವುದಿಲ್ಲ. ಇಲ್ಲಿ ಮೊದಮೊದಲು ನಿದ್ದೆಯೇ ಬರಲಿಲ್ಲ. ಕಾಲೇಜಿನಲ್ಲಿ ಹುಡುಗನೊಬ್ಬ "ಬಾ ಮಚ್ಚಾ!" ಎಂದು ಕೂಗಿದಾಗ, ಮಚ್ಚು ತರಲು ಹೇಳುತ್ತಿದ್ದಾನೆಂದು ಹೆದರಿ ಗೋಡೆಗೆ ಅಂಟಿಕೊಂಡಿದ್ದೆ. ಅದು ತಮಿಳಿನ ಭಾವಮೈದುನ, ಇಲ್ಲಿ ಗೆಳೆಯರೆಲ್ಲರಿಗೂ ಹೇಳುವ ಮಾತು. ಕೆಲವೇ ತಿಂಗಳಲ್ಲಿ ನಾನೂ ಹಾಗೆ ಕರೆಯತೊಡಗಿದೆ.

ಎರಡನೇ ವರ್ಷದ ಬೇಸಿಗೆಯಲ್ಲಿ ಪಿಳ್ಳಪ್ಪನ ಹಸು ಕಾಲುವೆ ನೀರು ಕುಡಿದು ಹೊಟ್ಟೆ ಉಬ್ಬಿ ಸತ್ತಿತು. ಸೊಪ್ಪು ಬುಡದಿಂದಲೇ ಸುಟ್ಟುಹೋಯಿತು. ಯಾವುದೋ ಕಾರ್ಖಾನೆಯ ಟ್ಯಾಂಕರ್ ಬಂದು ಆಸಿಡ್ ಸುರಿದುಹೋಗುವುದು ಊರಿಗೆಲ್ಲ ಗೊತ್ತಿತ್ತು. "ಇಂಗೆ ಎಷ್ಟ್ ದಿನ ಕಣಮ್ಮ? ದೂರು ಕೊಟ್ಟು ಕೊಟ್ಟು ಸಾಕಾಯ್ತು" ಎನ್ನುತ್ತಿದ್ದ ಪಿಳ್ಳಪ್ಪ.

ಒಂದು ಬೆಳಿಗ್ಗೆ ಕೆರೆಕೋಡಿಯ ಬಳಿ ಬಾಟಲಿಗೆ ನೀರು ತುಂಬುತ್ತಿದ್ದಾಗ ಕೂಗಾಟ ಕೇಳಿತು. ನಾನು ಓಡಿಹೋಗುವಷ್ಟರಲ್ಲಿ ಟ್ಯಾಂಕರಿನ ಗಾಜು ಪುಡಿಯಾಗಿತ್ತು. ಡ್ರೈವರನ್ನು ಲೈಟುಕಂಬಕ್ಕೆ ಕಟ್ಟಿದ್ದರು. ಕಲ್ಲು, ಚಪ್ಪಲಿ, ಸೈಕಲ್ ಚೈನು. ಅವನ ಒಂದು ಕಣ್ಣಿನ ಜಾಗದಲ್ಲಿ ಬರೀ ರಕ್ತವಿತ್ತು. "ನಾನ್ ಬರೀ ಓಡ್ಸೋನು ಅಣ್ಣ, ಓನರ್ ಹೇಳ್ದಂಗೆ..." ಎನ್ನುತ್ತಿದ್ದ ಬಾಯಿಗೆ ಯಾರೋ ಕೆಸರು ತುರುಕಿದರು.

"ಸುರ್ದಿದ್ನೇ ಕುಡ್ಸ್ರೋ ಅವ್ನಿಗೆ!" ಎಂದು ಚೀರಿದವಳು ಮುನಿರತ್ನಮ್ಮ. ಆಗಲೇ ರಕ್ತ ಹತ್ತಿದ್ದ ಗುದ್ದಲಿಯ ಕಾವನ್ನು ಪಿಳ್ಳಪ್ಪ ಮತ್ತೆ ಎತ್ತಿದ.

ಯೋಚಿಸಿ ಹೋದೆ ಎಂದರೆ ಸುಳ್ಳಾಗುತ್ತದೆ. ಬಾಟಲಿಗಳನ್ನು ಬಿಸಾಡಿ, ಆ ಮನುಷ್ಯನನ್ನು ಕಂಬದ ಸಮೇತ ತಬ್ಬಿಕೊಂಡೆ. ಏಟು ನನ್ನ ಬಲಹೆಗಲಿಗೆ ಬಿತ್ತು. ಮೂಳೆ ಮುರಿದದ್ದು ನನಗೇ ಕೇಳಿಸಿತು. ನಾನೆಂದು ಗೊತ್ತಾದ ಮೇಲೂ ಇನ್ನೊಂದು ಬಿತ್ತು. "ಅಯ್ಯೋ ಬುಡ್ರೋ, ನಮ್ಮನೆ ಎಣ್ಣುಮಗ ಅದು!" ಎಂದು ಮುನಿರತ್ನಮ್ಮ ಗಂಡನ ಕೈಗೆ ಜೋತುಬಿದ್ದಾಗಲೇ ಅದು ನಿಂತದ್ದು.

ಆಸ್ಪತ್ರೆಗೆ ಟ್ರಸ್ಟಿನ ಮೇಡಂ ಬಂದರು. "ಜಾರಿ ಬಿದ್ದೆ ಅಂತ ಹೇಳ್ಬಿಡು. ಕೇಸು ಗೀಸು ಅಂತಾದ್ರೆ ಕಮಿಟಿಯವರು ಸ್ಕಾಲರ್‌ಶಿಪ್ ನಿಲ್ಲಿಸ್ತಾರೆ ಕಣಮ್ಮ." ಪಕ್ಕದ ವಾರ್ಡಿನಲ್ಲಿ ಆ ಡ್ರೈವರ್ ಅಂಜಪ್ಪ ಕಣ್ಣು ಕಳೆದುಕೊಂಡು ಮಲಗಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ಪೊಲೀಸರು ಬಂದಾಗ ಪಿಳ್ಳಪ್ಪ ಅಂಜಪ್ಪನಿಗೂ ನನಗೂ ಹೊಡೆದದ್ದನ್ನು ಹೇಳಿದೆ. ಟ್ಯಾಂಕರ್ ಸುರಿಯುತ್ತಿದ್ದುದನ್ನೂ ಹೇಳಿದೆ. "ಒಂದು ಸಾಕಲ್ವೇನಮ್ಮ?" ಎಂದ ದಫೇದಾರ. ಎರಡನ್ನೂ ಬರೆಯದೆ ಹೆಬ್ಬೆಟ್ಟೂ ಒತ್ತುವುದಿಲ್ಲ ಎಂದೆ. ಸಹಿ ಮಾಡಲು ಕೈ ಏಳುತ್ತಿರಲಿಲ್ಲ.

ಪಿಳ್ಳಪ್ಪನನ್ನು ಹಿಡಿದುಕೊಂಡು ಹೋದ ಮಾರನೆಯ ದಿನ ಮುನಿರತ್ನಮ್ಮ ಡಬ್ಬಿ ಹಿಡಿದು ಬಂದಳು.

"ನಮ್ ಯಜಮಾನ್ರನ್ನ ಒಳಗಾಕ್ಸಿದ್ದೀಯ. ಉಣ್ಣು ಮೊದ್ಲು."

ಬಲಗೈ ಕಟ್ಟಿತ್ತು, ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ಅವಳೇ ಬಾಯಿಗಿಟ್ಟಳು. ನಡುವೆ ನಿಲ್ಲಿಸಿ, "ವಾಪಸ್ ತಗೊಳ್ಳೇ" ಎಂದಳು.

"ನನಗೆ ಹೊಡೆದಿದ್ದನ್ನ ಬಿಟ್ಟುಬಿಡ್ತೀನಿ ಅಕ್ಕ. ಅಂಜಪ್ಪನ ಕಣ್ಣು ನಂದಲ್ಲ."

ಅವಳು ಉಳಿದ ಮುದ್ದೆಯನ್ನೆಲ್ಲ ತಿನ್ನಿಸಿ, ನನ್ನ ಬಾಯಿ ಒರೆಸಿ, ಡಬ್ಬಿ ತೊಳೆದುಕೊಂಡು ಹೋದಳು. ಮತ್ತೆ ಬರಲಿಲ್ಲ.

ಪಿಳ್ಳಪ್ಪ ಜೈಲು ಕಂಡು ಬಂದ. ಕಾರ್ಖಾನೆಯವನು ದಂಡ ಕಟ್ಟಿದ. ಟ್ಯಾಂಕರ್ ಬೇರೆ ಬಣ್ಣ ಬಳಿದುಕೊಂಡು ಬೇರೆ ಕೆರೆಯ ದಾರಿ ಹಿಡಿಯಿತೆಂದು ಕೇಳಿದೆ. ಸ್ಕಾಲರ್‌ಶಿಪ್ ನಿಲ್ಲಲಿಲ್ಲ, ಆದರೆ ಟ್ರಸ್ಟಿನ ಸಮಾರಂಭಗಳಿಗೆ ನನ್ನನ್ನು ಮತ್ತೆ ಕರೆಯಲಿಲ್ಲ. ಹಾಸ್ಟೆಲ್ಲಿನಲ್ಲಿದ್ದು ಓದು ಮುಗಿಸಿದೆ, ವರ್ತೂರಿನಲ್ಲೇ ನೀರು ಪರೀಕ್ಷಿಸುವ ಕೆಲಸ ಹಿಡಿದೆ.

ಊರಿಗೆ ಹೋದಾಗ ಅಪ್ಪ ನನ್ನ ಹೆಗಲಿನ ಗಂಟು ಸವರಿ ನೋಡುತ್ತಾನೆ. "ಮನುಷ್ಯರಾ ಅವರು?" ಎಂದು ಪೋಡಿನ ಹೆಂಗಸರು ಕೇಳುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವನ ಹಸು ಸತ್ತಿತ್ತು, ಹೊಲ ಸುಟ್ಟಿತ್ತು, ಅವನ ದೂರನ್ನು ಯಾರೂ ಕೇಳಿರಲಿಲ್ಲ ಎಂದು ಅವರ ನಡುವೆ ಕುಳಿತು ಪಿಳ್ಳಪ್ಪನ ಪರ ವಾದಿಸುತ್ತೇನೆ. ವರ್ತೂರಿಗೆ ಮರಳಿದ ಮೇಲೆ, ಅವನು ಜಗಲಿಯಲ್ಲಿ ಕುಳಿತದ್ದು ಕಂಡರೆ, ರಸ್ತೆ ದಾಟಿ ಆ ಬದಿಯಿಂದ ಹೋಗುತ್ತೇನೆ.