ಹೊಸ ರಸ್ತೆ, ಗಣಪತಿಯ ಕಂಬ

ಗೆಳೆಯರೇ, ಇಂದು ಮುಂಜಾನೆ ಹಿಂದವಾಡಿಯ ನಮ್ಮ ಓಣಿಯಲ್ಲಿ ಪಾಟೀಲ ಕಾಕಾ ಹಾರೆ ಹಿಡಿದು ನಿಂತಿದ್ದರು. ಗಣಪತಿ ಪೆಂಡಾಲಿನ ಕಂಬಕ್ಕೆ ರಸ್ತೆ ಅಗೆಯುವ ತಯಾರಿ. ಓಣಿಯವರೆಲ್ಲ ವರ್ಷಗಟ್ಟಲೆ ಕಚೇರಿಗೆ ಓಡಾಡಿ ಮಾಡಿಸಿಕೊಂಡ ಹೊಸ ರಸ್ತೆ ಅದು. ಕಾಂಕ್ರೀಟು ಗಟ್ಟಿಯಾಗುವ ತನಕ ಕುರ್ಚಿ ಹಾಕಿಕೊಂಡು ಕೂತು, ಯಾರ ಗಾಡಿಯನ್ನೂ ಬಿಡದೆ ಕಾದವರು ಇದೇ ಕಾಕಾ.

“ಕಾಕಾ, ತಗ್ಗು ತೋಡಿದ್ರ ಮಳಿ ನೀರು ಇಳಿದು ರಸ್ತಾ ಕೆಡತೈತ್ರಿ,” ಎಂದೆ.

“ದೇವರ ಕೆಲಸ ಇದು. ಹಬ್ಬ ಆದಮ್ಯಾಲ ಮುಚ್ಚತೇವಿ.”

“ಹಳೇ ರಸ್ತಾದಾಗ ಕಂಬಕ್ಕ ತೋಡಿದ ತಗ್ಗು ಹೊಸಾ ರಸ್ತಾ ಬರೂತನಕ ಯಾರೂ ಮುಚ್ಚಲಿಲ್ರಿ.”

ಕಾಕಾನ ಮುಖ ಬಿಗಿಯಿತು. ಎದುರು ಮನೆಯ ರಿಯಾಜ್ ಭಾಯಿಗೆ ಎಣ್ಣೆಯ ಅಂಗಡಿ ಇದೆ. ಅವರು ಗೇಟಿನಿಂದಲೇ ಹೇಳಿದರು: “ಅಂಗಡ್ಯಾಗ ಖಾಲಿ ಡ್ರಮ್ ಬಿದ್ದಾವ್ರಿ ಕಾಕಾ. ಉಸುಕು ತುಂಬಿ ಅದರಾಗ ಕಂಬ ನಿಲ್ಲಸ್ರಿ.”

ಡ್ರಮ್ಮುಗಳು ಬಂದವು, ಕಂಬಗಳು ನಿಂತವು. ಕಾಕಾ ಒಂದೊಂದನ್ನೂ ಅಲುಗಾಡಿಸಿ ನೋಡಿ, ಹಾರೆಯನ್ನು ನಮ್ಮ ಗೇಟಿಗೆ ಒರಗಿಸಿ ಮನೆಗೆ ಹೋದರು.

ಸಂಜೆ, ಪೆಂಡಾಲು ಹಾಕುತ್ತಿದ್ದ ಪಕ್ಕದ ಓಣಿಯಿಂದ ಕಾಕಾನದೇ ದನಿ ಕೇಳಿಸಿತು: “ಹೊಸಾ ರಸ್ತಾ ಅಗ್ಯಾಕ ನಾಚಿಕಿ ಬರಂಗಿಲ್ಲೇನ್ರಿ ನಿಮಗ?”

ಅವರ ಹಾರೆ ಇನ್ನೂ ನಮ್ಮ ಗೇಟಿಗೆ ಒರಗಿಕೊಂಡಿತ್ತು. ಯಾರಾದರೂ ನೋಡಿಯಾರು ಎಂದು ಒಳಗೆ ತಂದಿಟ್ಟಿದ್ದೇನೆ.