ಕಪ್ಪು ಬಿಳುಪಿನ ದೆವ್ವಗಳು

ಪೀಣ್ಯದಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ ಶಾಪಿನ ಸೂಪರ್‌ವೈಸರಿಗೆ ಹಳೆಯ ದೆವ್ವದ ಸಿನಿಮಾ ಅಂದರೆ ಪ್ರಾಣ. ಅದೂ ಕಪ್ಪು ಬಿಳುಪಿನದ್ದೇ ಆಗಬೇಕು. ಊಟದ ಹೊತ್ತಿಗೆ ಟಿಫಿನ್ ಡಬ್ಬಿಯ ಮುಚ್ಚಳವನ್ನು ಎರಡೇ ಬೆರಳಲ್ಲಿ ಮೆಲ್ಲಗೆ ಎತ್ತಿ, ಶವಪೆಟ್ಟಿಗೆಯಿಂದ ಏಳುವ ಪಿಶಾಚಿಯ ಹಾಗೆ ಕಣ್ಣುಗುಡ್ಡೆ ಮೇಲೆ ಮಾಡುತ್ತಿದ್ದರು. ನಾವು ನಗುತ್ತ ಹೊಸ ಸಿನಿಮಾದ ಸಿಡಿ ಕೊಡಲು ಹೋದರೆ ಮಾತ್ರ ತಳ್ಳಿಬಿಡುತ್ತಿದ್ದರು.

"ಕಲರ್ ಬಂದ್ಮೇಲೆ ದೆವ್ವಗಳು ಕೆಟ್ಟೋದ್ವು ಕಣೋ."

ನಾನು ಸೇರಿದ ವರ್ಷದ ಆಯುಧಪೂಜೆ. ಕಂಪನಿ ಕೊಂಡಿದ್ದ ಹೊಸ ಮಾಲೀಕರು ದೃಷ್ಟಿ ತೆಗೆಯಲೆಂದು ಕುಂಕುಮದ ನೀರು ತುಂಬಿದ ಬೂದುಗುಂಬಳಕಾಯಿಯನ್ನು ನಮ್ಮ ಸೂಪರ್‌ವೈಸರ ಕೈಗೇ ಕೊಟ್ಟರು. ನಾನು ದಿನಾ ನಡೆಸುವ ಪ್ರೆಸ್ಸಿನ ಮುಂದೆ ಇವರು ಅದನ್ನು ಒಡೆದರು. ಕೆಂಪು ನೀರು ಮಷೀನಿಗೆಲ್ಲ ಚಿಮ್ಮಿತು. ಇವರು ಕಿಟಾರನೆ ಕಿರುಚಿದರು. ಊಟದ ಹೊತ್ತಿನ ಅದೇ ನಾಟಕವೆಂದು ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅವರು ನೆಲಕ್ಕೆ ಕುಸಿದು ಬರಿಗೈಯಲ್ಲಿ ಆ ಕೆಂಪನ್ನು ಒರೆಸತೊಡಗಿದರು. ನಾನು ಓಡಿಹೋಗಿ ತೋಳು ಹಿಡಿದೆ.

"ಏನಾಯ್ತು ಸಾರ್?"

ಅವರು ತಲೆ ಎತ್ತಲಿಲ್ಲ.

"ನೀನು ದಿನಾ ನಿಂತ್ಕೊಳ್ಳೋ ಜಾಗದಲ್ಲೇ ಕಣೋ ನನ್ನ ತಮ್ಮ ಮಷೀನಿಗೆ ಸಿಕ್ಕಿದ್ದು. ಒರೆಸ್ದಷ್ಟೂ ಬರ್ತಾನೇ ಇತ್ತು."