ಮಗಳ ಆಲ್ಬಮ್ಮಿನ ಎರಡಕ್ಷರ

ಮಗಳು ಮತ್ತೆ ಹಾಡುತ್ತಿದ್ದಾಳೆ ಎಂಬ ಸುದ್ದಿ ನನಗೆ ಮಗಳಿಂದ ಬರಲಿಲ್ಲ. ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಯಿಂದ ಬಂತು. ಹಾಸನದ ಕಡೆಯವಳು, ಇಲ್ಲಿ ಕೊಯಮತ್ತೂರಿನಲ್ಲಿ ಕಂಪ್ಯೂಟರ್ ಆಫೀಸೊಂದರಲ್ಲಿ ಕೆಲಸ. ಬೆಳಿಗ್ಗೆ ಹಾಲಿನ ಪ್ಯಾಕೆಟ್ ಎತ್ತಿಕೊಳ್ಳಲು ಇಳಿದು ಬಂದವಳು ಫೋನನ್ನು ನನ್ನ ಮೂಗಿಗೆ ತಾಗುವಂತೆ ಹಿಡಿದಳು.

"ಆಂಟಿ, ಇದು ನಿಮ್ಮ ಮಗಳಲ್ವಾ? ಕಮ್‌ಬ್ಯಾಕ್ ಆಲ್ಬಮ್ ಅಂತೆ! ಅವರು ರ‍್ಯಾಪ್ ಮಾಡ್ತಾರೆ ಅಂತ ನೀವು ಹೇಳೇ ಇಲ್ಲ!"

"ಮಾಡ್ತಿದ್ದಳು," ಎಂದೆ. ಪಾಸ್ಟ್ ಟೆನ್ಸ್. ಕಾನ್ವೆಂಟಿನಲ್ಲಿ ಟೆನ್ಸ್ ತಪ್ಪಿದರೆ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲಿನಿಂದ ಕೊಡುತ್ತಿದ್ದರು. ನಾನು ಟೆನ್ಸ್ ತಪ್ಪುವವಳಲ್ಲ.

ಆದರೆ ಕೈಯಲ್ಲಿದ್ದ ಹಾಲಿನ ಪ್ಯಾಕೆಟ್ ಜಾರಿತು. ಅವಳು ಹಾಡು ಬಿಟ್ಟು ಹನ್ನೆರಡು ವರ್ಷ. ಬಿಟ್ಟದ್ದೇಕೆ ಎಂದು ಅವಳಿಗೆ ಗೊತ್ತಿಲ್ಲ, ನನಗೆ ಗೊತ್ತು. ಈಗ ಅವಳಿಗೂ ಗೊತ್ತಾಗಿರಬಹುದೇ ಎಂಬ ಅನುಮಾನ ಆ ಬೆಳಿಗ್ಗೆ ಬಂದು ಕುಳಿತದ್ದು, ತಿಂಗಳುಗಟ್ಟಲೆ ಏಳಲಿಲ್ಲ.

ನಡೆದದ್ದು ಇಷ್ಟು. ಆಗ ಅವಳಿಗೆ ಇಪ್ಪತ್ತಾರು. ತಮಿಳಿನಲ್ಲಿ ರ‍್ಯಾಪ್ ಕಟ್ಟಿ ಕಾಲೇಜುಗಳಲ್ಲಿ ಹೇಳುತ್ತಿದ್ದಳು. ಚೆನ್ನೈನ ಮ್ಯೂಸಿಕ್ ಕಂಪನಿಯವರೊಬ್ಬರು ಕೇಳಿ ಮೆಚ್ಚಿ, ಫೋನ್ ಮಾಡುತ್ತೇವೆ ಎಂದಿದ್ದರು. ನಮ್ಮ ಮನೆಯೊಳಗೆ ಮೊಬೈಲ್ ಸಿಗ್ನಲ್ ಸಿಗುತ್ತಿರಲಿಲ್ಲ. ಅವಳು ಮನೆಯ ಲ್ಯಾಂಡ್‌ಲೈನ್ ನಂಬರ್ ಕೊಟ್ಟು ಬಂದಿದ್ದಳು. ಫೋನ್ ಬಂದ ದಿನ ಅವಳು ಟೈಲರ್ ಅಂಗಡಿಗೆ ಹೋಗಿದ್ದಳು, ಮರುದಿನ ಹೆಣ್ಣು ನೋಡಲು ಬರುವವರಿದ್ದರು, ಬ್ಲೌಸ್ ತರಬೇಕಿತ್ತು. ನಾನು ರಿಸೀವರ್ ಎತ್ತಿದೆ. ಆ ಗಂಡಸು ಇಂಗ್ಲಿಷಿನಲ್ಲಿ ಮಾತಾಡಿದರು. ನಾನೂ ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ, ಒಂದು ಉಚ್ಚಾರವೂ ತಪ್ಪದಂತೆ ಹೇಳಿದೆ: "ಶೀ ಹ್ಯಾಸ್ ಗಿವನ್ ಅಪ್ ಮ್ಯೂಸಿಕ್. ಕೈಂಡ್ಲಿ ಡು ನಾಟ್ ಕಾಲ್ ಅಗೇನ್."

ಮಗಳು ಬಂದು ಚಪ್ಪಲಿ ಬಿಡುವ ಮೊದಲೇ ಕೇಳಿದಳು, "ಫೋನ್ ಬಂತಾ ಮಮ್ಮಿ?"

"ಇಲ್ಲ ಕಣ್ಣು," ಎಂದೆ ಮುದ್ದಿನಿಂದಲೇ.

ಅವಳು ಕಾದಳು. ಅವಳೇ ಎರಡು ಸಲ ಮಾಡಿದಳು, ಆ ಕಡೆ ಎತ್ತಲಿಲ್ಲ. ಮೂರನೆಯ ಸಲ ಮಾಡಲು ಅವಳ ಸ್ವಾಭಿಮಾನ ಒಪ್ಪಲಿಲ್ಲ; ಆ ಸ್ವಾಭಿಮಾನ ನನ್ನ ಕಡೆಯದು. ಮರುದಿನ ಬಂದ ಗಂಡಿನವರು ಕೇಸರಿಬಾತು, ಬಜ್ಜಿ ತಿಂದು ಕೈ ತೊಳೆದುಕೊಂಡು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಆಮೇಲೆ ಅವಳು ತಿರುಪ್ಪೂರಿನ ಎಕ್ಸ್‌ಪೋರ್ಟ್ ಆಫೀಸಿನಲ್ಲಿ ಮರ್ಚಂಡೈಸರ್ ಆದಳು, ಬನಿಯನ್, ಟೀ ಶರ್ಟುಗಳ ಸ್ಯಾಂಪಲ್ ಹಿಡಿದು ಓಡಾಡಿದಳು, ಸೋಮನೂರಿನಲ್ಲಿ ಪವರ್‌ಲೂಮ್ ಶೆಡ್ ಇರುವ ಮನೆಗೆ ಮದುವೆಯಾಗಿ ಹೋದಳು. ಅಳಿಯ ಒಳ್ಳೆಯವನು. ಎಲ್ಲ ಒಳ್ಳೆಯದೇ ಆಯಿತಲ್ಲ ಎಂದು ನನಗೆ ನಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದೆ.

ಈಗ ಅವಳು ಭಾನುವಾರ ಬಂದಾಗಲೆಲ್ಲ ನಾನು ಕಣ್ಣಿಟ್ಟೆ. ಮೊದಲು ಕಂಡದ್ದು ಪೇಪರ್. ನಾಳೆ ಯಾವ ಯಾವ ಊರಲ್ಲಿ ಕರೆಂಟ್ ಇರುವುದಿಲ್ಲ ಎಂದು ಬರುತ್ತದಲ್ಲ, ಯಾರೂ ಓದದ ಆ ಪಟ್ಟಿ, ಅದನ್ನು ಅವಳು ಬೆರಳಿಟ್ಟು ಓದಿ ಫೋಟೋ ತೆಗೆದುಕೊಂಡಳು. ಯಾಕೆ ಎಂದರೆ, "ಸುಮ್ನೆ," ಎಂದಳು. ಸುಮ್ಮನೆ ಯಾರಾದರೂ ಕತ್ತಲೆಯ ಪಟ್ಟಿ ತೆಗೆದಿಟ್ಟುಕೊಳ್ಳುತ್ತಾರೆಯೇ?

ಮುಂದಿನ ವಾರ ಅಟ್ಟ ಹತ್ತಿದಳು. ಅಲ್ಲಲ್ಲಿ ಹ ನುಂಗಿ, ತಮಿಳು ಬೆರೆಸಿದ ಅವಳ ಕನ್ನಡದಲ್ಲಿ ಕೇಳಿದಳು:

"ಮಮ್ಮಿ, ನಮ್ಮ ಅಳೇ ಲ್ಯಾಂಡ್‌ಲೈನ್ ಎಲ್ಲಿ? ಆ ಪಚ್ಚೆ ಕಲರ್‌ದು?"

"ಅದ್ಯಾಕೆ ಈಗ? ಸತ್ತು ಎಷ್ಟು ವರ್ಷ ಆಯ್ತು."

"ಬೇಕು."

"ಏನಕ್ಕೆ ಅಂತ ಕೇಳಿದೆ."

"ಐಯೋ, ನಿಂಗೆ ಎಲ್ಲಾದಕ್ಕೂ ಸಂದೇಗ ಮಮ್ಮಿ. ಪೋಲೀಸ್‌ಗೆ ಸೇರ್ಬೇಕಿತ್ತು ನೀನು."

ಬಟ್ಟೆಯಲ್ಲಿ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೋದಳು. ಸಾಕ್ಷಿ ಹೊತ್ತೊಯ್ದಂತೆ ಕಂಡಿತು ನನಗೆ.

ಇನ್ನೊಂದು ಭಾನುವಾರ ಬಾಗಿಲು ಹಾಕಿಕೊಂಡು ಒಳಗೆ ಗುನುಗುತ್ತಿದ್ದಳು. ನಾನು ಒಗೆದ ಬಟ್ಟೆ ಮಡಿಸುವ ನೆಪದಲ್ಲಿ ಬಾಗಿಲ ಹತ್ತಿರ ನಿಂತೆ. "ನೀ ಮುಚ್ಚಿದೆ, ನಾ ಕೂಗಿದೆ. ನೀ ಮುಚ್ಚಿದೆ, ನಾ ಕೂಗಿದೆ." ಅಷ್ಟೇ, ಮತ್ತೆ ಮತ್ತೆ. ಅದೂ ಕನ್ನಡದಲ್ಲಿ! ಮೊದಲಿನ ಹಾಡುಗಳೆಲ್ಲ ತಮಿಳು. ತಲೆಮಾರುಗಳ ಹಿಂದೆ ತಮಿಳು ಸೀಮೆಗೆ ಬಂದ ನಮ್ಮವರು ಮನೆಯೊಳಗೆ ಮಾತ್ರ ಆಡುವ ಈ ಕನ್ನಡದಲ್ಲಿ ಹಾಡಿದರೆ ಈ ಊರಲ್ಲಿ ಯಾರಿಗೆ ತಿಳಿಯಬೇಕು? ನನಗೆ. ನನಗೊಬ್ಬಳಿಗೇ. ಮುಚ್ಚಿಟ್ಟವಳಿಗೆ ಮುಟ್ಟಲಿ ಎಂದೇ ಈ ಭಾಷೆ ಎಂದುಕೊಂಡೆ.

ಅದರ ಮುಂದಿನ ಭಾನುವಾರ ಅವಳು ಒಂದು ಪೋಸ್ಟರ್ ತಂದು ಫ್ರಿಜ್ಜಿಗೆ ಅಂಟಿಸಿ, ಕೈ ತೊಳೆಯಲು ಸಿಂಕಿನ ಹತ್ತಿರ ಹೋದಳು. ನಾನು ಅವರೆಕಾಯಿ ಬಿಡಿಸುತ್ತಿದ್ದವಳು ಕನ್ನಡಕ ಹಾಕಿಕೊಂಡು ನೋಡಿದೆ. ಬಿಳಿ ಕಾಗದದ ನಡುವೆ ಒಂದು ಕಪ್ಪು ವೃತ್ತ. ವೃತ್ತದ ತುಂಬ ಸಾಲು ಸಾಲಾಗಿ ಸಣ್ಣ ತೂತುಗಳು. ಫೋನಿನ ರಿಸೀವರಿನಲ್ಲಿ ಬಾಯಿ ಇಡುವ ಕಡೆ ಇರುತ್ತದಲ್ಲ, ಥೇಟ್ ಹಾಗೆ. ಅದರ ಕೆಳಗೆ ತಮಿಳಿನಲ್ಲಿ ಎರಡೇ ಅಕ್ಷರ. ಪಾವಿ. ತಮಿಳಿನಲ್ಲಿ ಹಾಗೆಂದರೆ ಪಾಪಿ, ಪಾಪ ಮಾಡಿದವಳು.

"ಎಂಗಿದೆ ಮಮ್ಮಿ ಆಲ್ಬಮ್ ಕವರ್?" ಎಂದಳು, ಬೆನ್ನು ಹಾಕಿಕೊಂಡೇ.

"ವೆರಿ ನೈಸ್. ಹೆತ್ತ ತಾಯಿಗೆ ಇಷ್ಟು ದೊಡ್ಡ ಅಕ್ಷರದಲ್ಲಿ ಬಿರುದು ಕೊಟ್ಟು, ಹೇಗಿದೆ ಅಂತ ಬೇರೆ ಕೇಳ್ತೀಯಲ್ಲ!"

"ಬಿರುದಾ? ಏನ್ ಪೇಸ್ತಾ ಇದೀಯ?"

"ಆಕ್ಟಿಂಗ್ ಬೇಡ. ನಿಂಗೆಲ್ಲಾ ಗೊತ್ತಾಗಿದೆ. ಆ ಫೋನ್ ಹುಡುಕಿ ತಗೊಂಡ್ ಹೋದಾಗಲೇ ಅಂದ್ಕೊಂಡೆ. ಹೌದು, ಬಂದಿತ್ತು ಫೋನು. ನಾನೇ ಎತ್ತಿದ್ದು. ನಾನೇ ಬೇಡ ಅಂದಿದ್ದು. ನಿನ್ನ ಒಳ್ಳೇದಕ್ಕೇ ಅಂದಿದ್ದು. ಅದಕ್ಕೆ ಪಾವಿ ಅಂತ ಬರೆದು ಊರೆಲ್ಲಾ ಅಂಟಿಸ್ಬೇಕಾ?"

ನಲ್ಲಿ ಸುರಿಯುತ್ತಿತ್ತು. ಅವಳು ನಿಲ್ಲಿಸಿದಳು.

"ಯಾವ ಫೋನ್ ಮಮ್ಮಿ?"

ಆ ದನಿಯಲ್ಲಿ ಏನೂ ಇರಲಿಲ್ಲ. ಕೋಪವಿಲ್ಲ, ನಾಟಕವಿಲ್ಲ. ನಿಜವಾಗಿಯೂ ಕೇಳುತ್ತಿದ್ದಳು. ಆದರೂ ಬಾಯಿ ನಿಲ್ಲಲಿಲ್ಲ, ಕ್ಲಾಸಿನಲ್ಲಿ ಎದ್ದು ನಿಂತು ಪಾಠ ಒಪ್ಪಿಸುವ ಹುಡುಗಿಯ ಹಾಗೆ ಚೆನ್ನೈ, ಟೈಲರ್ ಅಂಗಡಿ, ಆ ಇಂಗ್ಲಿಷ್ ವಾಕ್ಯ, ಎಲ್ಲವನ್ನೂ ಒಪ್ಪಿಸಿದೆ.

ಅವಳು ಒದ್ದೆ ಕೈಯನ್ನು ಒರೆಸಿಕೊಳ್ಳದೆ ನಿಂತಿದ್ದಳು. ನೀರು ಹನಿಯುತ್ತಿತ್ತು. ಹಾಗೇ ಫ್ರಿಜ್ಜಿನ ಕಡೆ ತಿರುಗಿದಳು.

"ಅದು ಪಾವಿ ಅಲ್ಲ," ಎಂದಳು. "ಬಾವಿ. ನಮ್ಮ ಮಡತ್ತುಕುಳಂ ಬಾವಿ."

ತಮಿಳಿನಲ್ಲಿ ಪ-ಕ್ಕೂ ಬ-ಕ್ಕೂ ಒಂದೇ ಅಕ್ಷರ. ಅವಳು ಮನೆಯ ಮಾತನ್ನು ತನಗೆ ಬರುವ ಅಕ್ಷರದಲ್ಲಿ ಬರೆದಿದ್ದಳು. ನನಗೆ ಕನ್ನಡ ಓದಲು, ಬರೆಯಲು ಬರುತ್ತದೆ. ಕಾನ್ವೆಂಟಿನಲ್ಲಿ ಮಂಗಳೂರಿನ ಸಿಸ್ಟರ್ ಒಬ್ಬರು ಭಾನುವಾರಗಳಲ್ಲಿ ಕಲಿಸಿದ್ದರು. ಮಗಳಿಗೆ ನಾನು ಕಲಿಸಲಿಲ್ಲ. ಇಂಗ್ಲಿಷ್ ಸ್ಪೆಲ್ಲಿಂಗ್ ಕೇಳುವುದರಲ್ಲೇ ಅವಳ ಬಾಲ್ಯವನ್ನು ಮುಗಿಸಿದೆ. ಕಲಿಸಿದ್ದರೆ ಬ ಎಂದು ಬರೆಯುತ್ತಿದ್ದಳು, ನಾನು ಬಾಯಿ ಬಿಡುತ್ತಿರಲಿಲ್ಲ.

ಮಡತ್ತುಕುಳಂನಲ್ಲಿ ನನ್ನ ತಾಯಿಯ ತೋಟದ ಮನೆ. ಹಿತ್ತಲಲ್ಲಿ ಸೇದುವ ಬಾವಿ. ರಜೆಯಲ್ಲಿ ಮಗಳು ಅದರ ಕಟ್ಟೆಗೆ ಹೊಟ್ಟೆ ಒತ್ತಿ, ತಲೆ ಬಗ್ಗಿಸಿ ಕೂಗುತ್ತಿದ್ದಳು. ಬಾವಿ ಮಾತನ್ನು ಹಿಂದಕ್ಕೆ ಕೊಡುವಷ್ಟರಲ್ಲಿ ಇನ್ನೊಂದು ಮಾತು ತುರುಕುತ್ತಿದ್ದಳು, ಅದು ಬರುವಷ್ಟರಲ್ಲಿ ಎರಡು. ನಾಲಿಗೆ ಹರಿತವಾದದ್ದು ಅಲ್ಲಿ. ಬಿದ್ದುಗಿದ್ದಾಳು ಎಂದು ನಾನೇ ಕಮ್ಮಾರ ಆಚಾರಿಯನ್ನು ಕರೆಸಿ ಕಬ್ಬಿಣದ ಜಾಲರಿ ಹೊಡೆಸಿ ಮುಚ್ಚಿಸಿದ್ದೆ. ಅವಳು ಜಾಲರಿಯ ಮೇಲೆ ಬೋರಲು ಬಿದ್ದು ಕೂಗಿದಳು. ಕಪ್ಪು ವೃತ್ತ, ತೂತುಗಳು. ನೀ ಮುಚ್ಚಿದೆ, ನಾ ಕೂಗಿದೆ.

"ಫೋನ್ ಯಾಕೆ ತಗೊಂಡೆ ಮತ್ತೆ?" ಎಂದೆ. ಆಗಲೂ ಅನುಮಾನ!

"ರಿಸೀವರ್‌ನ ಮೈಕ್ ಮಾಡ್ಕೊಂಡೆ. ಅದ್ರಲ್ಲಿ ಆಡಿದ್ರೆ ಬಾವಿ ಒಳಗಿಂದ ಆಡಿದ ಅಂಗೆ ಕೇಳ್ತದೆ." ಒದ್ದೆ ಕೈ ಒರೆಸಿಕೊಳ್ಳುತ್ತ ಹೇಳಿದಳು, "ಆಲ್ಬಮ್ ವಿಷ್ಯ ನಿಂಗೆ ಹೇಳ್ಲಿಲ್ಲ ಯಾಕೆ ಗೊತ್ತಾ? ಹೋದ ಸಲ ಎಲ್ಲಾ ನಿಂಗೆ ಹೇಳಿದ್ದೆ, ಒಂದೂ ನಡೀಲಿಲ್ಲ. ಹೇಳಿದ್ರೆ ಕೆಟ್ಟೋಗ್ತದೆ ಅಂತ ಒಂದ್ ಭಯ. ಎಂಥಾ ಮೂಢನಂಬಿಕೆ ಅಂತ ನಾನೇ ನಕ್ಕೊಂಡಿದ್ದೆ."

ಚೀಲ ತೆಗೆದುಕೊಂಡು ಹೊರಟುಹೋದಳು. ಪೋಸ್ಟರ್ ಅಲ್ಲೇ ಉಳಿಯಿತು. ಹಾಲು, ಮೊಸರು, ಕರಿಬೇವು ಬೇಕಾದಾಗಲೆಲ್ಲ ನಾನು ಆ ಎರಡಕ್ಷರವನ್ನು ಹಿಡಿದು ಬಾಗಿಲು ತೆಗೆಯಬೇಕು.

ಎರಡು ಭಾನುವಾರ ಬರಲಿಲ್ಲ. ಫೋನಿಲ್ಲ. ಫೋನಿಗೆ ಕಾಯುವುದು ಎಂದರೆ ಏನೆಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಕೋಪದಲ್ಲಿ ಆಲ್ಬಮ್ಮನ್ನೇ ಕೈಬಿಟ್ಟಳೋ? ಇಲ್ಲವೇ ಹಾಡುಗಳನ್ನು ಬದಲಿಸಿ ಈಗ ನಿಜವಾಗಿಯೂ ನನ್ನ ಮೇಲೆ ಬರೆಯುತ್ತಿದ್ದಾಳೋ? ಹಾಸನದ ಹುಡುಗಿ ಫೋನ್ ನೋಡುತ್ತ ಮೆಟ್ಟಿಲಿಳಿದರೆ ಅವಳ ಮುಖ ಓದುತ್ತಿದ್ದೆ. ಒಂದು ಮಧ್ಯಾಹ್ನ ರೂಲ್ಡ್ ಪೇಪರ್ ತೆಗೆದು, ಸಿಸ್ಟರ್ ಕಲಿಸಿದ ಗುಂಡು ಅಕ್ಷರದಲ್ಲಿ ಬಾವಿ ಎಂದು ಬರೆದೆ. ಇದನ್ನು ಕವರಿನ ಮೇಲೆ ಹಾಕಿದರೆ ಯಾರೂ ತಪ್ಪು ಓದುವುದಿಲ್ಲ. ಚೆನ್ನಾಗಿ ಬರುವ ತನಕ ಹನ್ನೊಂದು ಸಲ ಬರೆದೆ.

ಕೊನೆಗೆ ಫೋನ್ ಬಂತು.

"ನಾಳೆ ಸೋಮನೂರಲ್ಲಿ ಕರೆಂಟ್ ಶಟ್‌ಡೌನ್. ಒಂಬತ್ ಗಂಟೆಗೆ ಬಾ."

"ಯಾಕೆ?"

"ಬಾ ಮಮ್ಮಿ."

ಬಸ್ಸಿನಿಂದಿಳಿದಾಗ ಊರು ಗುರುತೇ ಸಿಗಲಿಲ್ಲ. ಸೋಮನೂರು ಎಂದರೆ ಮಗ್ಗದ ಸದ್ದು; ಆ ಸದ್ದಿಲ್ಲದೆ ನಾನು ಅದನ್ನು ಕಂಡೇ ಇರಲಿಲ್ಲ. ಕರೆಂಟ್ ತೆಗೆದಿದ್ದರು. ಶೆಡ್ಡುಗಳಿಂದ ಜನ ಹೊರಗೆ ಬಂದು ಬೀದಿಯಲ್ಲಿ ಕುಳಿತಿದ್ದರು, ಸದ್ದಿಲ್ಲದಿದ್ದರೂ ಅಭ್ಯಾಸಬಲದಿಂದ ಕಿರುಚಿ ಮಾತಾಡುತ್ತಿದ್ದರು. ಪೇಪರಿನ ಆ ಪಟ್ಟಿ ಏಕೆ ಬೇಕಿತ್ತೆಂದು ಆಗ ಅರ್ಥವಾಯಿತು. ಇಡೀ ಊರು ಬಾಯಿ ಮುಚ್ಚುವ ದಿನಕ್ಕೆ ಕಾದು ಅವಳು ರೆಕಾರ್ಡಿಂಗ್ ಮಾಡುತ್ತಿದ್ದಳು, ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ.

ಶೆಡ್ಡಿನ ಹಿಂದೆ ಒಂದು ಚಿಕ್ಕ ಕೋಣೆ. ಗೋಡೆಗೆಲ್ಲ ಗೋಣಿಚೀಲ ಹೊಡೆದು ಒಳಗೆ ಬನಿಯನ್ ಬಟ್ಟೆಯ ವೇಸ್ಟ್ ಚೂರು ತುಂಬಿದ್ದಳು. ನಡುವೆ ವೈರಿನಲ್ಲಿ ತೂಗುತ್ತಿತ್ತು ನಮ್ಮ ಹಸಿರು ರಿಸೀವರ್.

"ಅವತ್ತು ಹೇಳಿದ್ದನ್ನ ಹೇಳು," ಎಂದಳು. "ಅದೇ ಇಂಗ್ಲಿಷ್. ಒಂದ್ ವಾರ್ತೆ, ಒಂದ್ ಪದ ಬದ್ಲಾಗ್ಬಾರ್ದು."

"ಎಲ್ಲಿ ಹಾಕ್ತೀಯ ಅದನ್ನ?"

"ಹೇಳು."

"ಕೊನೇಲಿ ಸಾರಿ ಅಂತ ಸೇರಿಸ್ಲಾ ಕಣ್ಣು?"

"ಅವತ್ತು ಸಾರಿ ಅಂದ್ಯಾ ಅವ್ರಿಗೆ?"

"ಇಲ್ಲ."

"ಅಂಗಾದ್ರೆ ಬೇಡ."

ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದೆ. ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಹಾಗೇ ಇತ್ತು. ಹೇಳಿದೆ. ದನಿ ನಡುಗಲಿಲ್ಲ, ಅದಕ್ಕೇ ನನಗೆ ನಾಚಿಕೆಯಾದದ್ದು. ಹನ್ನೆರಡು ವರ್ಷದ ಹಿಂದಿನಷ್ಟೇ ಶುದ್ಧವಾಗಿ ಬಂತು. ಬಟ್ಟೆಯ ಗೋಡೆ ಅದನ್ನು ನುಂಗಿತು. ಅವಳು ಹೆಡ್‌ಫೋನ್ ಹಾಕಿಕೊಂಡು ಪರದೆಯನ್ನೇ ನೋಡುತ್ತಿದ್ದಳು, ಮುಖದಲ್ಲಿ ಏನೂ ಓದಲಾಗಲಿಲ್ಲ.

"ಸಾಕು. ಒಂದೇ ಟೇಕ್," ಎಂದಳು.

ನಾನು ಪರ್ಸಿನಿಂದ ಚೀಟಿ ತೆಗೆದು ಕೊಟ್ಟೆ. ಅವಳು ಆ ಅಕ್ಷರದ ಮೇಲೆ ಬೆರಳಾಡಿಸಿದಳು. "ಇದು ಬ-ನಾ?" ಎಂದಳು. ಮಡಿಸಿ ಫೋನಿನ ಕವರಿನೊಳಗೆ ಸಿಕ್ಕಿಸಿಕೊಂಡಳು.

"ಆಲ್ಬಮ್ ಕವರ್‌ಗೆ ಹಾಕ್ತೀಯಾ?"

"ಅದು ಅಂಗೇ ಇರ್ಲಿ ಮಮ್ಮಿ."

ಹಾಗೆಂದರೇನು? ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದೇ ಯೋಚನೆ.

ಆಲ್ಬಮ್ ಬಂತು. ಹಾಸನದ ಹುಡುಗಿಯೇ ಹಾಕಿ ಕೇಳಿಸಿದಳು. ನನ್ನ ದನಿಯನ್ನು ಹುಡುಕಬೇಕಾಗಲಿಲ್ಲ, ಮೊದಲ ಹಾಡಿನ ಮೊದಲಲ್ಲೇ ಇದೆ. ಕೈಂಡ್ಲಿ ಡು ನಾಟ್ ಕಾಲ್ ಅಗೇನ್ ಎಂದು ನಾನು ಮುಗಿಸುತ್ತಲೇ, ಉಸಿರಿಗೂ ಜಾಗ ಬಿಡದೆ ಅವಳು ಶುರು ಮಾಡುತ್ತಾಳೆ. ಏನು ಹೇಳುತ್ತಾಳೆ ಎಂದು ಅರ್ಧಕ್ಕರ್ಧ ಹಿಡಿಯಲಾಗಲಿಲ್ಲ, ಅಷ್ಟು ವೇಗ. ಆದರೆ ನಮ್ಮ ಮನೆಯ ಮಾತು, ನನ್ನ ತಾಯಿಯ ಬೈಗುಳ ಕೂಡ ಒಂದೆರಡು ಸಿಕ್ಕವು.

ಕಳೆದ ಭಾನುವಾರ ಮಗಳು ಊಟಕ್ಕೆ ಬಂದಿದ್ದಳು. ತಟ್ಟೆಯ ಮುಂದೆ ಕುಳಿತಿದ್ದಾಗ ಮೇಲಿನ ಹುಡುಗಿ ಬಂದು ಕಂಗ್ರಾಟ್ಸ್ ಹೇಳಿ, ಫ್ರಿಜ್ಜಿನ ಮುಂದೆ ನಿಂತಳು. ಅವಳಿಗೆ ತಮಿಳು ಓದಲು ಬರುವುದಿಲ್ಲ.

"ಆಂಟಿ, ಇದನ್ನ ಏನಂತ ಓದೋದು?"

ಮಗಳು ಅನ್ನ ಕಲಸುವುದನ್ನು ನಿಲ್ಲಿಸಿ ನನ್ನ ಬಾಯನ್ನೇ ನೋಡಿದಳು. ನಾನು ತುಟಿ ಸೇರಿಸಿದೆ. ಪ-ಕ್ಕೂ ಬ-ಕ್ಕೂ ತುಟಿ ಸೇರಿಸಲೇಬೇಕು, ಅಲ್ಲಿಯವರೆಗೆ ಎರಡೂ ಒಂದೇ.

"ಅವಳನ್ನೇ ಕೇಳಮ್ಮ," ಎಂದೆ.

ಮಗಳು ಸಾರಿನ ಪಾತ್ರೆಗೆ ಕೈ ಚಾಚುತ್ತ, "ಬಾವಿ," ಎಂದಳು.

ನನಗೆ ಬ-ನೇ ಕೇಳಿಸಿತು. ಕಿವಿ ಈಚೆಗೆ ಸ್ವಲ್ಪ ಮಂದ. ಆದರೂ ಬ-ನೇ ಇರಬೇಕು.